ಗಾಡಿ ದಾಟುವ ತನಕ

ವಾಡಿ ಜಂಕ್ಷನ್ನಿನಲ್ಲಿ ಗಾಡಿ ತಡವಾಗುವುದು ಹೊಸದಲ್ಲ, ಅದಕ್ಕೆ ನಾನು ಸಿಟ್ಟಾಗುವುದೂ ಹೊಸದಲ್ಲ. ಹೋದ ತಿಂಗಳು ಸೇಡಮ್ಮಿನ ತಂಗಿಯ ಮನೆಗೆ ಹೊರಟವನು ವಾಡಿಯಲ್ಲಿ ಇಳಿದು, ಮುಂದಿನ ಪ್ಯಾಸೆಂಜರಿನ ದಾರಿ ಕಾಯುತ್ತ, ಎಲ್ಲರನ್ನೂ ಮನಸ್ಸಿನಲ್ಲೇ ಬೈಯುತ್ತ ಕುಳಿತಿದ್ದೆ. ಚಹಾದವನು ಬಂದ. ಹಳೆಯ ಗುರುತು. "ಮಾಸ್ತರ್ರಿ, ನಿಮಗ ಸಕ್ಕರಿ..." ಅಂದವನು ಅಲ್ಲಿಗೇ ಬಾಯಿ ಮುಚ್ಚಿದ. ಆಚೆಯ ಹಳಿಯ ಮೇಲೆ ಸಿಮೆಂಟು ತುಂಬಿದ ಮಾಲಗಾಡಿ ಬಂದಿತ್ತು. ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವ ಮಾತೇ ಇಲ್ಲ. ಕಿಟ್ಲಿ ಹಿಡಿದು ಅವನು ಹಾಗೇ ನಿಂತಿದ್ದ. ಗಾರ್ಡಿನ ಡಬ್ಬಿ ದಾಟಿ ಸದ್ದು ಅಡಗಿದ ಮೇಲೆ, ನಡುವೆ ಏನೂ ನಡೆದೇ ಇಲ್ಲವೆಂಬಂತೆ, "...ಕಮ್ಮಿ ಹಾಕ್ಲೇನ್ರಿ?" ಎಂದ.

ವಾಡಿಯ ಮಂದಿ ಹೀಗೆಯೇ. ಹಳಿಯ ಪಕ್ಕ ಹುಟ್ಟಿ ಬೆಳೆದವರು, ಗಾಡಿಯ ಮೇಲೆ ಗಂಟಲು ಹರಿದುಕೊಳ್ಳುವುದು ಸುಳ್ಳು ಕೆಲಸವೆಂದು ಸಣ್ಣವರಿದ್ದಾಗಲೇ ಕಲಿತವರು. ಗಂಡ ಹೆಂಡತಿ ಜಗಳ ಹಚ್ಚಿಕೊಂಡಿದ್ದರೂ ಗಾಡಿ ಬಂದರೆ ಇಬ್ಬರೂ ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಲ್ಲುತ್ತಾರೆ, ದಾಟಿದ ಮೇಲೆ ಬಿಟ್ಟ ಮಾತಿನಿಂದಲೇ ಮತ್ತೆ ಶುರು. ನಾನು ಇಲ್ಲಿಯ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ಮಕ್ಕಳು ಮಗ್ಗಿಯನ್ನು ಅರ್ಧಕ್ಕೆ ನಿಲ್ಲಿಸಿ, ಗಾಡಿ ಹೋದ ಮೇಲೆ ಅದೇ ಅಂಕಿಯಿಂದ ಎತ್ತಿಕೊಳ್ಳುತ್ತಿದ್ದರು. ಹೊರಗಿನಿಂದ ಬಂದ ಇನ್‌ಸ್ಪೆಕ್ಟರು ಅದನ್ನು ನೋಡಿ ಹೊಟ್ಟೆ ಹಿಡಿದು ನಕ್ಕಿದ್ದ.

ಹೋದ ತಿಂಗಳು ಆ ಚಹಾದವನನ್ನು ನೋಡಿ ನನಗೆ ನಗು ಬರಲಿಲ್ಲ. ಮಿಲಿಂದ ನೆನಪಾದ. ಅವನ ಜೊತೆಗೆ ಆ ಒಂದು ವರ್ಷ ಪೂರ್ತಿ ನೆನಪಾಯಿತು, ಮಳೆಗಾಲದಿಂದ ಹಿಡಿದು ಮುಂದಿನ ಬೇಸಿಗೆಯ ತನಕ. ನೆನಪಾಗದಿದ್ದರೆ ಒಳ್ಳೆಯದಿತ್ತು.

ತೊಂಬತ್ತರ ದಶಕ ಮುಗಿಯಲಿಕ್ಕೆ ಬಂದಿತ್ತು. ನಮ್ಮ ಮನೆ ಚಿತ್ತಾಪುರದಲ್ಲಿ, ನೌಕರಿ ವಾಡಿಯಲ್ಲಿ. ನಮ್ಮದು ಮಠದ ಸೇವೆಯ ಮನೆತನ. ದಾಸರ ಪದಗಳಿಗೆ ಹಾರ್ಮೋನಿಯಂ ಪೇಟಿ ಬಾರಿಸುವುದು ನಮ್ಮಪ್ಪನಿಂದ ನನಗೆ ಬಂದ ಆಸ್ತಿ, ಅದೊಂದೇ. ಸಿಕಂದರಾಬಾದಿನ ಗೆಳೆಯನೊಬ್ಬ ಊರು ಬಿಟ್ಟು ಹೋಗುವಾಗ ತನ್ನ ಹಳೆಯ ಕೀಬೋರ್ಡ್ ನನ್ನ ಕೈಗಿಟ್ಟ. ಅದನ್ನು ಮನೆಗೆ ತಂದ ದಿನ ನಮ್ಮಮ್ಮ ಅಡಿಗೆ ಮನೆಯ ಬಾಗಿಲಲ್ಲಿ ನಿಂತು, "ಇದೇನೋ ಇದು, ಗಾಳಿನೂ ಇಲ್ಲ, ತಂತಿನೂ ಇಲ್ಲ, ದೆವ್ವಿನಂಗ ಒದರ್ತದಲ್ಲ" ಎಂದಳು. ಒಂದು ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದಕ್ಕೆ ಕೊಳಲು, ಮತ್ತೊಂದಕ್ಕೆ ಮಳೆಯ ಸದ್ದು, ರೈಲಿನ ಸದ್ದು. ನನಗೆ ಅದರಲ್ಲಿ ಒಂದು ದನಿ ಮಾತ್ರ ಭಾಳ ಹಿಡಿಸಿತು. ಒಂದೇ ಸ್ವರದ ಮನೆಯನ್ನು ಒತ್ತಿ ಹಿಡಿದರೆ ಸಾಕು, ಗುಹೆಯೊಳಗೆ ಯಾರೋ ಉಸಿರು ಬಿಟ್ಟಂತೆ ಹರಡಿಕೊಂಡು ನಿಲ್ಲುತ್ತಿತ್ತು.

ಆ ದನಿಯ ಬೆನ್ನು ಹತ್ತಿ ಬಂದವನು ಮಿಲಿಂದ. ರೈಲ್ವೆ ಕಾಲೊನಿಯ ಬಯಲಿನಲ್ಲಿ ಗಣಪತಿ ಕೂರಿಸಿದವರು ನನ್ನನ್ನು ಬಾರಿಸಲು ಕರೆದಿದ್ದರು. ಸಂಜೆ, ಜಿಟಿಜಿಟಿ ಮಳೆ. ಶಹಾಬಾದಿನ ಕಡೆಯ ಪಾಲಿಶ್ ಮಶಿನ್ನಿನಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ತಿಕ್ಕುವ ಕೆಲಸ ಮುಗಿಸಿ ಒಬ್ಬ ಹುಡುಗ ನೇರ ಬಂದು ಮಂಟಪದ ಎದುರು ನಿಂತ. ಕಲ್ಲಿನ ಹಿಟ್ಟು ಮೈಯೆಲ್ಲ ಮೆತ್ತಿತ್ತು. ಬಿಳಿ ಮುಖ, ಬಿಳಿ ಹುಬ್ಬು, ಕಣ್ಣೆರಡು ಮಾತ್ರ ಕೆಂಪಗೆ. "ಮಾಸ್ತರ್ರಿ, ಆ ಉಸಿರಿನ ದನಿ ಹಿಡಕೊಂಡೇ ಇರ್ರಿ, ನಾ ಒಂದು ಹಾಡ್ತೀನಿ" ಎಂದ. ಬೇಡ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಹಾಡಲು ಹತ್ತಿಬಿಟ್ಟಿದ್ದ.

ಬಗ್ಗಿ ನೋಡಬ್ಯಾಡ ಅವ್ವ, ನಾ ಕನ್ನಡಿ ಅಲ್ಲ
ನಿನ್ನ ಕೂಸಿನ ಮಾರಿ ನನ್ನ ಹತ್ರ ಇಲ್ಲ

ಹಾಡುವುದು ಹುಡುಗನಲ್ಲ, ಕಲ್ಲಿನ ಖಣಿಯಲ್ಲಿ ನಿಂತ ಮಳೆಯ ನೀರು. ಮಗನನ್ನು ಕಳೆದುಕೊಂಡ ತಾಯಿಗೆ ನೀರೇ ಹೇಳುವ ಮಾತು. ಮೊದಲು ನೀರಿನಂತೆ ತಣ್ಣಗೆ ಹಾಡುತ್ತಿದ್ದ, ಆಮೇಲೆ ತಾಯಿಯಾಗಿ ಬಗ್ಗುತ್ತಿದ್ದ, ಆಮೇಲೆ ಮತ್ತೆ ನೀರು. ನಾಟಕವೋ ಹಾಡೋ ಹೇಳಲಿಕ್ಕೆ ಬರುತ್ತಿರಲಿಲ್ಲ. ನಡುವೆ ಗಾಡಿ ಬಂತು. ಅವನು ಬಗ್ಗಿದವನು ಬಗ್ಗಿದಂತೆಯೇ ನಿಂತ, ಒಂದು ಕೈ ನೀರಿನ ಕಡೆ ಚಾಚಿಕೊಂಡು. ನಾನು ಆ ಒಂದೇ ಮನೆಯನ್ನು ಒತ್ತಿ ಹಿಡಿದಿದ್ದೆ. ಮಾಲಗಾಡಿ ನೆಲ ನಡುಗಿಸುತ್ತ ದಾಟುತ್ತಿತ್ತು. ಅವನ ಮುಖದ ಬಿಳಿ ಹಿಟ್ಟು ಮಳೆಗೆ ಕರಗಿ ಗೆರೆಗೆರೆಯಾಗಿ ಇಳಿಯಿತು. ಕಣ್ಣು ಪಿಳುಕಿಸಲಿಲ್ಲ. ಗಾರ್ಡಿನ ಡಬ್ಬಿ ದಾಟಿತು, ಸದ್ದು ಹೋಯಿತು, ಬಿಟ್ಟ ಅಕ್ಷರದಿಂದ ಹಾಡು ಎತ್ತಿದ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡಿದ್ದರು. ನಾನು ಮಂತ್ರ ಕೇಳುತ್ತ ಬೆಳೆದವನು, ಪದ ಕೇಳುತ್ತ ಬೆಳೆದವನು, ಇಂಥ ಹಾಡು ಯಾವತ್ತೂ ಕೇಳಿರಲಿಲ್ಲ.

ಹೀಗೆ ನಮ್ಮ ಜೋಡಿ ಕೂಡಿತು. ಆಮೇಲೆ ಕಲ್ಲಿನ ಹಿಟ್ಟಿಗೆ ಬದಲು ಬಿಳಿ ಬಣ್ಣದ ಸಫೇದಾ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಬಳಿದುಕೊಳ್ಳತೊಡಗಿದ. ಖಾಲಿ ಸಿಮೆಂಟಿನ ಚೀಲಗಳನ್ನು ತೊಳೆದು, ಬಿಡಿಸಿ, ಕಾಲಿನ ತನಕ ಬರುವ ನಿಲುವಂಗಿ ಹೊಲಿದುಕೊಂಡ. ಹೆಜ್ಜೆ ಇಟ್ಟರೆ ಅದು ಸರಸರ ಅನ್ನುತ್ತಿತ್ತು. ಒಂದೊಂದು ಹಾಡಿಗೆ ಒಂದೊಂದು ವೇಷ: ಕೆಲಸ ನಿಂತ ಖಣಿಯ ಕ್ರೇನು, ಯಾರೂ ಇಳಿಯದ ಸ್ಟೇಷನ್ನು, ತೊಗರಿ ಹೊಲದಲ್ಲಿ ಒಬ್ಬನೇ ನಿಂತ ಬೆರ್ಚಪ್ಪ. ಎಲ್ಲಕ್ಕೂ ಕೊನೆಗೆ ನೀರಿನ ಹಾಡು. ಚಿತ್ತಾಪುರದಲ್ಲಿ ಮಾಡಿದೆವು, ಸೇಡಮ್ಮಿನಲ್ಲಿ ಮಾಡಿದೆವು, ಮಂದಿ ಎಲ್ಲ ಕಡೆ ಕಡಿಮೆ. ಕೆಲವರು 'ಸುಣ್ಣದ ಮಾರಿ' ಎಂದು ಹೆಸರಿಟ್ಟರು. ಆದರೆ ವಾಡಿಯಲ್ಲಿ ಮಾತ್ರ ಬಯಲು ತುಂಬುತ್ತಿತ್ತು. ಅವರು ಬರುತ್ತಿದ್ದದ್ದು ಗಾಡಿ ದಾಟುವುದನ್ನು ನೋಡಲಿಕ್ಕೆ. ಹುಟ್ಟಿದಾಗಿನಿಂದ ತಮ್ಮ ಮಾತು ಕತ್ತರಿಸುತ್ತ ಬಂದ ಗಾಡಿಯನ್ನು ಒಬ್ಬ ಹಾಡಿನೊಳಗೆ ಕೂರಿಸಿಕೊಂಡಿದ್ದ. ಮಾತು ನಿಲ್ಲಿಸಿ ಕಾಯುವುದೂ ಒಂದು ಮಾತೇ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಒಮ್ಮೆ ಚಿತ್ತಾಪುರದ ನಮ್ಮ ಮನೆಗೆ ಕರೆತಂದೆ. ಮಿಲಿಂದ ಎಂಬ ಹೆಸರು ಕೇಳಿದೊಡನೆ ನಮ್ಮಮ್ಮನಿಗೆ ದಲಿತ ಬೌದ್ಧರ ಮನೆಯ ಹುಡುಗನೆಂದು ತಿಳಿಯಿತು. "ಕಟ್ಟಿ ಮ್ಯಾಲ ಕುಂದ್ರಸು, ಚಹಾ ಅಲ್ಲೇ ಕಳಸ್ತೀನಿ" ಎಂದಳು. ನನಗೆ ಎಲ್ಲಿತ್ತೋ ಸಿಟ್ಟು, ಅಮ್ಮನ ಮೇಲೆ ಹರಿಹಾಯ್ದೆ. ಮಿಲಿಂದನೇ ನನ್ನ ತೋಳು ಹಿಡಿದ.

"ಸುಮ್ಮಿರ್ರಿ ಮಾಸ್ತರ್ರಿ. ಕಟ್ಟಿ ತಂಪದ."

ಚಹಾ ಕುಡಿಯುತ್ತ ತನ್ನ ಕಥೆ ಹೇಳಿದ. ಅವರೂರು ಚಿಂಚೋಳಿ ಕಡೆಯ ಕೊಡ್ಲಿ. ಊರಿನ ಹೊಟೇಲಿನಲ್ಲಿ ಇವರಪ್ಪ ಮಾಣಿಕಪ್ಪನಿಗೆ ಒಳಗೆ ಜಾಗವಿರಲಿಲ್ಲ, ಹೊರಗೊಂದು ಪರ್ಸಿ ಕಲ್ಲು ಹಾಸಿದ್ದರು, ಅಲ್ಲಿ ಕುಳಿತು ಕುಡಿಯಬೇಕು. ಮುಂದೆ ಖಣಿ ಕೆಲಸಕ್ಕೆಂದು ಮನೆಮಂದಿಯೆಲ್ಲ ಶಹಾಬಾದಿಗೆ ಬಂದರು. ಒಂದು ಮಳೆಗಾಲ ನೀರು ತುಂಬಿದ ಹಳೆಯ ಖಣಿಯಲ್ಲಿ ಮಿಲಿಂದನ ತಮ್ಮ ಮುಳುಗಿದ. ಅವರವ್ವ ದಿನಾ ಹೋಗಿ ಆ ನೀರಿಗೆ ಬಗ್ಗಿ ನೋಡುತ್ತ ಅಳುತ್ತಿದ್ದಳು. ಒಂದೆರಡು ವರ್ಷ ಹಾಗೆ ಬಗ್ಗಿ ಬಗ್ಗಿ ಅವಳೂ ಹೋದಳು. ಅಪ್ಪ ಊರಿಗೆ ಮರಳಿದ, ಇವನು ವಾಡಿಗೆ ಬಂದು ಉಳಿದ.

"ನನಗ ಒಂದೇ ಆಸೆ ಅದ್ರಿ," ಎಂದ. "ನನ್ನ ಹಾಡು ಕ್ಯಾಸೆಟ್ ಆಗಬೇಕು. ಕೊಡ್ಲಿ ಹೊಟೇಲ್ದಾಗ ಹಚ್ಚಬೇಕು. ನಮ್ಮಪ್ಪನ್ನ ಹೊರಗ ಕುಂದರಿಸಿದಲ್ಲಿ ನಮ್ಮವ್ವನ ಹಾಡು ಒಳಗ ಕುಂದರಬೇಕು. ಅಷ್ಟಾದ್ರ ನಾ ಮತ್ತೇನೂ ಕೇಳಾಂಗಿಲ್ಲ."

ಇಂಥ ಆಸೆಗೆ ಏನನ್ನಬೇಕು? ಆಗಲಿ ಎಂದೆ. ಆಗಬೇಕು ಎಂದು ನನಗೂ ಅನ್ನಿಸಿತ್ತು.

ತೊಗರಿ ಹೂ ಬಿಡುವ ಹೊತ್ತಿಗೆ ಸೇಡಮ್ಮಿನ ಶರಣಪ್ಪನನ್ನು ನೋಡಲು ಹೋದೆವು. ಬಸ್‌ಸ್ಟ್ಯಾಂಡಿನ ಎದುರು ಅವನ ಕ್ಯಾಸೆಟ್ ಅಂಗಡಿ. ಮಾರುವುದಷ್ಟೇ ಅಲ್ಲ, ಹೈದರಾಬಾದಿನಲ್ಲಿ ಹಾಡಿಸಿ ತಾನೇ ಕ್ಯಾಸೆಟ್ ತೆಗೆಯುತ್ತಿದ್ದ. ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ನಗುಮುಖದ ಮನುಷ್ಯ. ಮಿಲಿಂದ ಅಂಗಡಿಯಲ್ಲೇ ನೀರಿನ ಹಾಡು ಹಾಡಿದಾಗ ಕಣ್ಣೊರೆಸಿಕೊಂಡ. ಆಮೇಲೆ ಬೆನ್ನು ತಟ್ಟಿ ಹೇಳಿದ.

"ದನಿ ಭಾಳ ಚಲೋ ಅದ ತಮ್ಮಾ. ಖರೇ ಹೇಳ್ತೀನಿ, ಎದಿ ಹಿಂಡಿಬಿಟ್ಟಿ. ಆದ್ರ ಟಂಟಂ ಆಟೋದಾಗ ಹೊಂಟ ಮಂದಿ ಅಳಾಕ ಕ್ಯಾಸೆಟ್ ಹಚ್ಚಾಂಗಿಲ್ಲ. ಮೊದಲ ಆ ಮಾರಿ ತೊಳಕೊಂಡು ಬಾ. ತಾಳ ಬೇಕು, ಕುಣ್ಯಾಂಗ ಇರಬೇಕು. ಇದೇ ಧಾಟಿ ಇರ್ಲಿ, ಅವ್ವ ಅಂಬೋದು ತಗದು ಪೋರಿ ಅನ್ನು. ನೋಡು ಹೆಂಗ ಓಡ್ತದ."

"ಮತ್ತ ಗಾಡಿ ಬಂದಾಗ ನಿಂದ್ರೋದು?" ಎಂದು ಮಿಲಿಂದ ಕೇಳಿದ. ಹೈದರಾಬಾದಿನ ಸ್ಟುಡಿಯೋದಲ್ಲಿ ಗಾಡಿ ಎಲ್ಲಿಂದ ಬರಬೇಕು? ಆದರೂ ಕೇಳಿದ. ಶರಣಪ್ಪನಿಗೆ ಆ ಪ್ರಶ್ನೆಯೇ ತಿಳಿಯಲಿಲ್ಲ.

"ಕ್ಯಾಸೆಟ್ಟಿನಾಗ ಸುಮ್ಮ ನಿಂತ್ರ ಮಂದಿ ಟೇಪ್ ಕೆಟ್ಟದ ಅಂತಾರ," ಎಂದ.

ವಾಡಿಗೆ ತಿರುಗಿ ಬರುವಾಗ ಪ್ಯಾಸೆಂಜರಿನಲ್ಲಿ ಮಿಲಿಂದ ಕಿಟಕಿಯ ಪಕ್ಕ ಕುಳಿತಿದ್ದ. ಕಾಗಿಣಾ ಹೊಳೆಯ ಸೇತುವೆ ಬಂದಾಗ ತಿರುಗಿ, "ಮೊದಲು ಒಳಗ ಹೋಗೂನ್ರಿ ಮಾಸ್ತರ್ರಿ. ಒಳಗ ಹೋದ ಮ್ಯಾಲ ನಮ್ಮ ಹಾಡು ನಾವು ಹಾಡೂನು" ಎಂದ. ನಾನು ಬೇಡ ಎಂದೆ. ಅವ್ವ ಅನ್ನುವ ಮಾತು ತೆಗೆದರೆ ಆ ಹಾಡಿನಲ್ಲಿ ಉಳಿಯುವುದೇನು ಎಂದು ಜಗಳವಾಡಿದೆ. ಅವನು ಜಗಳಕ್ಕೆ ಬರಲಿಲ್ಲ. "ನೀವು ಹುಟ್ಟಿನಿಂದ ಒಳಗ ಇದ್ದವರ್ರಿ" ಎಂದು ಮೆಲ್ಲಗೆ ಹೇಳಿದ. ನಾನು ಜಗಳ ಬಿಟ್ಟೆ.

ಹೈದರಾಬಾದಿನ ಸ್ಟುಡಿಯೋದಲ್ಲಿ ನನ್ನ ಹಳೆಯ ಕೀಬೋರ್ಡನ್ನು ಯಾರೂ ಮುಟ್ಟಲಿಲ್ಲ. ಅಲ್ಲಿಯ ಮಶಿನ್ನು ತಾನೇ ತಾಳ ಹಾಕುತ್ತಿತ್ತು. ನಡುವೆ ಉಸಿರಾಡಲಿಕ್ಕೂ ಜಾಗವಿಲ್ಲದ ತಾಳ. ಮಿಲಿಂದ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಗಾಜಿನಾಚೆ ನಿಂತು ಹಾಡಿದ.

ಬಗ್ಗಿ ನೋಡಬ್ಯಾಡ ಪೋರಿ, ನಾ ಕನ್ನಡಿ ಅಲ್ಲ
ನಿನ್ನಂಥ ಚೆಲುವಿ ಈ ಊರಾಗ ಇಲ್ಲ

ಧಾಟಿ ಅದೇ. ದನಿಯೂ ಅದೇ. ನಾನು ಎದ್ದು ಹೊರಗೆ ಹೋಗಿ ಜಿನೆಯ ಮೆಟ್ಟಿಲ ಮೇಲೆ ಕುಳಿತೆ. ಒಳಗಿನಿಂದ ಶರಣಪ್ಪ ಚಪ್ಪಾಳೆ ತಟ್ಟುವುದು ಕೇಳುತ್ತಿತ್ತು.

ಕ್ಯಾಸೆಟ್ಟಿನ ಮೇಲೆ ಬಣ್ಣವಿಲ್ಲದ ಮುಖ, ಕೆಂಪು ಅಂಗಿ, ಕಪ್ಪು ಕನ್ನಡಕ. ಹೆಸರನ್ನೂ ಬದಲಿಸಿ ಮಿಲನ್ ಎಂದು ಹಾಕಿದ್ದರು. ಸಂಕ್ರಾಂತಿ ದಾಟುವುದರೊಳಗೆ ಹಾಡು ಸುತ್ತೆಲ್ಲ ಹಬ್ಬಿತು. ಚಿತ್ತಾಪುರದ ಟಂಟಂಗಳಲ್ಲಿ ಅದೇ, ಶಹಾಬಾದಿನ ಪಾನ್ ಅಂಗಡಿಗಳಲ್ಲಿ ಅದೇ, ತೊಗರಿ ರಾಶಿ ಮಾಡುವ ಹೊಲಗಳಲ್ಲೂ ಅದೇ. ನನ್ನ ಶಾಲೆಯ ಮಕ್ಕಳು ಮಗ್ಗಿಯ ಬದಲು ಅದನ್ನೇ ಹಾಡುತ್ತಿದ್ದರು. ನಮ್ಮಮ್ಮ ಕೂಡ ಒಂದು ದಿನ ಅಕ್ಕಿ ಆರಿಸುತ್ತ ಅದನ್ನು ಗುಣುಗಿದಳು. ಯಾರ ಹಾಡೆಂದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಕೊಡ್ಲಿಯ ಹೊಟೇಲಿನಲ್ಲೂ ಹಚ್ಚುತ್ತಾರೆಂದು ಸುದ್ದಿ ಬಂದಾಗ ಮಿಲಿಂದನ ಕಾಲು ನೆಲಕ್ಕೆ ಹತ್ತಲಿಲ್ಲ. ಇಬ್ಬರೂ ಬಸ್ ಹಿಡಿದು ಹೊರಟೆವು. ಅಪ್ಪನಿಗೆಂದು ಹೊಸ ಧೋತರ ತಂದಿದ್ದ. ಹೊಟೇಲಿಗೆ ಹೋದರೆ ಹಳೆಯ ಮಾಲೀಕ ತೀರಿಕೊಂಡಿದ್ದ, ಮಗ ಗಲ್ಲೆಯ ಮೇಲೆ ಕುಳಿತಿದ್ದ. ಒಳ್ಳೆಯ ಹುಡುಗ. "ಮಾಣಿಕಪ್ಪ ಕಾಕಾ, ಒಳಗ ಬರ್ರಿ, ಕುಂದ್ರಿ" ಎಂದು ಬಾಯಿತುಂಬ ಕರೆದ. ಮಾಣಿಕಪ್ಪ ಬಾಗಿಲ ತನಕ ಬಂದು, ಹೊರಗಿದ್ದ ಅದೇ ಪರ್ಸಿ ಕಲ್ಲಿನ ಮೇಲೆ ಕುಳಿತುಬಿಟ್ಟ. "ಇರ್ಲೇಳಪ, ಇಲ್ಲೇ ರೂಢಿ ಅದ" ಎಂದ. ಮಿಲಿಂದ ಎಷ್ಟು ಕರೆದರೂ ಏಳಲಿಲ್ಲ. ಕೊನೆಗೆ ನಾವಿಬ್ಬರೂ ಒಳಗೆ, ಅವನು ಹೊರಗೆ.

ಹಾಡು ಹಚ್ಚಿದರು. ಹುಡುಗ ದನಿ ಏರಿಸಿದ. ಬೆಂಚಿನ ಮೇಲೆ ಕುಳಿತವರು ಕಾಲಿನಲ್ಲಿ ತಾಳ ಹಾಕತೊಡಗಿದರು. ಮಿಲಿಂದ ಅಪ್ಪನ ಮುಖವನ್ನೇ ನೋಡುತ್ತಿದ್ದ. ಮುದುಕ ತಲೆ ಬಗ್ಗಿಸಿ, ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ, ಹಾಡು ಮುಗಿಯುವ ತನಕ ಕೇಳಿದ. ಮುಗಿದ ಮೇಲೆ ಕತ್ತೆತ್ತಿ ಮಗನನ್ನು ಕೇಳಿದ.

"ಇದರಾಗ ನಿಮ್ಮವ್ವ ಎಲ್ಲಿದ್ದಾಳೋ?"

ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ನಿಜವಾಗಿ ಹುಡುಕಿದ್ದ, ಸಿಕ್ಕಿರಲಿಲ್ಲ, ಅದಕ್ಕೇ ಕೇಳಿದ. ಮಿಲಿಂದ ಎದ್ದು ಹೊರಗೆ ಹೋದ. ಧೋತರ ಕೊಟ್ಟು ಕಾಲಿಗೆ ಬಿದ್ದು ಬಂದ. ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ಚಿಂಚೋಳಿಯ ತನಕ ಅತ್ತ. ಮುಂದಿನ ಸೀಟಿನಲ್ಲಿದ್ದ ಕಂಡಕ್ಟರ್ ಅವನದೇ ಹಾಡಿಗೆ ಸಿಳ್ಳೆ ಹಾಕುತ್ತಿದ್ದ.

ಅಳು ನಿಂತ ಮೇಲೆ, "ಮುಂದಿನ ಪ್ರೋಗ್ರಾಮ್ ಶಹಾಬಾದಿಂದು ಅದಲ್ಲರಿ. ಅಲ್ಲಿ ನಮ್ಮ ಹಾಡು ಹಾಡ್ತೀನಿ, ಬಣ್ಣ ಹಚ್ಚಿ" ಎಂದ. ನಾನು ನಂಬಿದೆ. ಸಫೇದಾ ಪುಡಿ, ಕೊಬ್ಬರಿ ಎಣ್ಣೆ, ಚೀಲದ ನಿಲುವಂಗಿ ಎಲ್ಲ ಕಟ್ಟಿಕೊಂಡು ಹೋದೆ.

ಶಹಾಬಾದಿನ ಬೇಸಿಗೆ ಗೊತ್ತಿದ್ದವರಿಗೆ ಗೊತ್ತು. ಮಧ್ಯಾಹ್ನ ಕುಡಿದ ಬಿಸಿಲನ್ನು ಪರ್ಸಿ ಕಲ್ಲು ಸಂಜೆಗೆ ಕಾರುತ್ತದೆ. ಹಳಿಯ ಪಕ್ಕದ ಬಯಲಿನಲ್ಲಿ ಜನ ಕಿಕ್ಕಿರಿದಿದ್ದರು. ಆಳೆತ್ತರದ ಸ್ಪೀಕರುಗಳು, ಬಣ್ಣದ ದೀಪಗಳು. ಶರಣಪ್ಪ ಮೊದಲೇ ಎಲ್ಲ ಗೊತ್ತು ಮಾಡಿದ್ದ. ಕ್ಯಾಸೆಟ್ಟೇ ಹಚ್ಚುವುದು, ಮಿಲಿಂದ ಮೈಕು ಹಿಡಿದು ಬಾಯಿ ಆಡಿಸುತ್ತ ಕುಣಿಯುವುದು, ನಾನು ತಂತಿ ಚುಚ್ಚದ ಕೀಬೋರ್ಡಿನ ಮುಂದೆ ಕೈ ಆಡಿಸುವುದು. ಮಂದಿಗೆ ಕ್ಯಾಸೆಟ್ಟಿನಲ್ಲಿ ಕೇಳಿದ್ದೇ ಬೇಕು, ಬೇರೆ ಹಾಡಿದರೆ ಕುರ್ಚಿ ಮುರಿಯುತ್ತಾರೆ ಎಂದು ಅವನ ವಾದ. "ಕಡೀಕ ಒಂದು ನಿಮ್ಮ ಹಳೇ ಹಾಡು ಹಾಡಕೋರ್ರಿ, ಯಾರ ಬ್ಯಾಡ ಅಂದ್ರು" ಎಂದೂ ಹೇಳಿದ. ಆ ಕೊನೆಯ ಹಾಡಿಗಾಗಿ ಮಿಲಿಂದ ಕೆಂಪು ಅಂಗಿ ಹಾಕಿಕೊಂಡ.

ಪೋರಿಯ ಹಾಡು ಶುರುವಾಯಿತು. ಜನ ಎದ್ದು ಕುಣಿಯುತ್ತಿದ್ದರು. ಹಾಡು ನಡುವಿಗೆ ಬಂದಾಗ ಗಾಡಿ ಬಂತು. ಆ ಸ್ಪೀಕರುಗಳ ಅಬ್ಬರದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ, ವೇದಿಕೆಯ ಹಲಗೆಯ ಮೇಲೆ ನಿಂತ ನಮಗೆ ಮಾತ್ರ ಅಂಗಾಲಿಗೆ ನಡುಕ ತಿಳಿಯಿತು. ಮಿಲಿಂದನ ಕಾಲಿಗೆ ತಿಳಿಯಿತು. ಅವನು ನಿಂತುಬಿಟ್ಟ. ಬಾಯಿ ಮುಚ್ಚಿ, ಮೈಕು ಇಳಿಸಿ, ಬಗ್ಗಿ, ಒಂದು ಕೈ ಮುಂದೆ ಚಾಚಿ, ಕಣ್ಣು ಪಿಳುಕಿಸದೆ. ಎಷ್ಟೋ ಸಂಜೆಗಳ ರೂಢಿ, ಅವನು ಬೇಕೆಂದು ಮಾಡಿದ್ದಲ್ಲ. ಸ್ಪೀಕರಿನಲ್ಲಿ ಮಾತ್ರ ಅವನ ದನಿ ತನ್ನ ಪಾಡಿಗೆ ಹಾಡುತ್ತಲೇ ಹೋಯಿತು. ಚೆಲುವಿ, ಪೋರಿ, ಎಲ್ಲ.

ಕ್ಷಣ ಹೊತ್ತು ಜನಕ್ಕೆ ತಿಳಿಯಲಿಲ್ಲ. ಆಮೇಲೆ ಯಾರೋ ಒಬ್ಬ ನಕ್ಕ. ಬಯಲಿಗೆ ಬಯಲೇ ನಕ್ಕಿತು. ನಾನು ಕಲ್ಲು ಬೀಳುತ್ತವೆಂದು ಹೆದರಿದ್ದೆ. ಬೀಳಲಿಲ್ಲ. ಸಿಳ್ಳೆ, ಚಪ್ಪಾಳೆ, ಗೊಳ್ಳೆನ್ನುವ ನಗು. ಅವನು ತಮಾಷೆಗೆ ಮಾಡುತ್ತಿದ್ದಾನೆಂದು ತಿಳಿದರು. ಗಾರ್ಡಿನ ಡಬ್ಬಿ ದಾಟುವ ತನಕ ಅವನು ಹಾಗೇ ನಿಂತಿದ್ದ, ತನ್ನ ದನಿ ತನ್ನನ್ನು ಬಿಟ್ಟು ಮುಂದೆ ಹೋಗುವುದನ್ನು ಕೇಳುತ್ತ. ಆ ಮುಖವನ್ನು ಪಕ್ಕದಿಂದ ನೋಡಿದವನು ನಾನೊಬ್ಬನೇ. ದೇವರು ನನಗೆ ಅದನ್ನು ಯಾಕೆ ತೋರಿಸಿದನೋ.

ಕೆಳಗಿಳಿದಾಗ ಶರಣಪ್ಪ ಅವನನ್ನು ತಬ್ಬಿಕೊಂಡ. "ಎಲಾ ಇವನ, ಏನ್ ತಲಿ ಓಡಿಸಿದೆಪಾ. ಇನ್ನ ಎಲ್ಲಾ ಪ್ರೋಗ್ರಾಮಿನ್ಯಾಗ ಇದು ಇರ್ಲಿ."

ಕೊನೆಯ ಹಾಡು ಹಾಡಲು ಅವನು ಮತ್ತೆ ಹತ್ತಲಿಲ್ಲ. ನಾನು ಸಫೇದಾದ ಡಬ್ಬಿ ಮುಂದೆ ಹಿಡಿದೆ. "ಈಗ ಬಣ್ಣ ಹಚ್ಚಿ ನಿಂತ್ರ ಇನ್ನಾ ನಗ್ತಾರ್ರಿ" ಎಂದ. ನಿಜವೇ ಹೇಳಿದ್ದ.

ಆಮೇಲೆ ಅದು ಕಾರ್ಯಕ್ರಮದ ಐಟಂ ಆಯಿತು. ಸೇಡಮ್ಮಿನಲ್ಲಿ ಮಾಡಿದ, ಚಿತ್ತಾಪುರದಲ್ಲಿ ಮಾಡಿದ. ವಾಡಿಯಲ್ಲೂ ಮಾಡಿದ. ಹಿಂದೆ ಸೆರಗು ಬಾಯಿಗಿಟ್ಟುಕೊಂಡಿದ್ದ ಹೆಂಗಸರೇ ಈಗ ಅದೇ ಸೆರಗಿನಲ್ಲಿ ನಗು ತಡೆದುಕೊಂಡರು. ಯಾಕೆ ಮಾಡುತ್ತೀ ಎಂದು ಕೇಳಿದರೆ, "ಮಂದಿ ಅದನ್ನೇ ಕೇಳಾಕತ್ತಾರ್ರಿ" ಎನ್ನುತ್ತಿದ್ದ. ನಾನು ಬಿಟ್ಟು ಹೋಗಬಹುದಿತ್ತು. ಅವನೊಬ್ಬನೇ ಆಗುತ್ತಾನೆಂದು ಬಿಡಲಿಲ್ಲ.

ಕೊನೆಯದು ಚಿಂಚೋಳಿಯಲ್ಲಿ. ಚಿಂಚೋಳಿಗೆ ರೈಲಿಲ್ಲ. ಮಂದಿಗೆ ಗಾಡಿಯ ಐಟಂ ಬೇಕು, ಗಾಡಿ ಎಲ್ಲಿಂದ ತರಬೇಕು? ಶರಣಪ್ಪನಿಗೆ ನನ್ನ ಕೀಬೋರ್ಡಿನ ರೈಲಿನ ಗುಂಡಿ ನೆನಪಾಯಿತು. ಅಷ್ಟು ದಿನ ಸುಮ್ಮನೆ ಕುಳಿತಿದ್ದ ಪೆಟ್ಟಿಗೆಗೆ ಅವತ್ತು ತಂತಿ ಚುಚ್ಚಿದರು, ಅದೊಂದೇ ಸದ್ದಿಗಾಗಿ. ನಾನು ಮಿಲಿಂದನ ಕಡೆ ನೋಡಿದೆ. ಅವನು ಒತ್ತಿರಿ ಎಂದು ಕಣ್ಣಿನಲ್ಲೇ ಹೇಳಿದ. ಒತ್ತಿದೆ. ಕೂಗು ಹಾಕಿಕೊಂಡು ಸುಳ್ಳು ಗಾಡಿ ಬಂತು. ಅವನು ಬಗ್ಗಿ, ಕೈ ಚಾಚಿ, ಈ ಸಲ ಕಣ್ಣು ಹೊಡೆದು ನಿಂತ. ನಗು ಮುಗಿಲು ಮುಟ್ಟಿತು.

ಮಾಣಿಕಪ್ಪ ಬಂದಿದ್ದ, ಮಗ ಕೊಟ್ಟ ಧೋತರ ಉಟ್ಟು. ಕಾರ್ಯಕ್ರಮ ಮುಗಿದ ಮೇಲೆ ಹಿಂದಿನ ಬಾಗಿಲಿಗೆ ಬಂದು ನಿಂತ. ಮಗನನ್ನು ಬೈಯಲಿಲ್ಲ. ನನ್ನ ಕಡೆ ತಿರುಗಿ ಹೇಳಿದ.

"ಮಾಸ್ತರ್ರಿ, ಇವರವ್ವ ಖಣಿ ದಂಡಿ ಮ್ಯಾಲ ಕುಂತು ಅಳ್ತಿದ್ಳಲ್ರಿ. ಬಾಜೂಕ ರೈಲ್ ಪಟ್ರಿ ಇತ್ತು. ಗಾಡಿ ಬಂದ್ರ ಅಳೋದು ನಿಂದರಸ್ತಿದ್ಳು. ಬಗ್ಗಿ, ಹಿಂಗ ಕೈ ಮಾಡಿ ಹಂಗ ಕುಂದರ್ತಿದ್ಳು. ಗಾಡಿ ಹೋದ ಮ್ಯಾಲ ಮತ್ತ ಅಳ್ತಿದ್ಳು. ಗಾಡಿ ಸಪ್ಪಳದಾಗ ಅತ್ರ ಕೂಸಿಗಿ ಕೇಳಸಾಂಗಿಲ್ಲ ಅಂತಿದ್ಳು."

ಇಷ್ಟು ಹೇಳಿ ಕೊಡ್ಲಿಯ ಬಸ್ಸಿಗೆ ಹೊತ್ತಾಯಿತೆಂದು ಹೋದ.

ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ವಾಡಿಯ ಮಂದಿಯ ರೂಢಿಯನ್ನು ಹಾಡಿಗೆ ತಂದಿದ್ದಾನೆಂದೇ ತಿಳಿದಿದ್ದೆ. ಮಿಲಿಂದನಿಗೆ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ಕನ್ನಡಿಯ ಮುಂದೆ ಕುಳಿತು ಮುಖದ ಪೌಡರ್ ಒರೆಸಿಕೊಳ್ಳುತ್ತಿದ್ದವನು, ಒರೆಸುತ್ತಲೇ ಇದ್ದ. ನಾನು ಹೆಗಲ ಮೇಲೆ ಕೈ ಇಟ್ಟೆ. ಮೆಲ್ಲಗೆ ತೆಗೆದಿಟ್ಟ. ಆಮೇಲೆ ಅವನು ಎಲ್ಲಿಯೂ ಹಾಡಲಿಲ್ಲ, ಹೊಸದನ್ನೂ ಇಲ್ಲ, ಹಳೆಯದನ್ನೂ ಇಲ್ಲ. ಆ ಮಳೆಗಾಲ ಬರುವುದರೊಳಗೆ ವಾಡಿ ಬಿಟ್ಟಿದ್ದ. ಶರಣಪ್ಪನಿಗೂ ಬೇರೆ ಹುಡುಗರು ಸಿಕ್ಕರು, ಬೇರೆ ಹಾಡುಗಳು ಓಡಿದವು.

ಮತ್ತೆ ನಾನು ಅವನನ್ನು ಕಂಡದ್ದು ಹಲವು ವರ್ಷಗಳ ನಂತರ, ಚುನಾವಣೆಯ ಡ್ಯೂಟಿಗೆಂದು ಸೇಡಮ್ಮಿನ ಹತ್ತಿರದ ಕೋಡ್ಲಾಕ್ಕೆ ಹೋದಾಗ. ಸಿಮೆಂಟ್ ಕಾರ್ಖಾನೆಯ ಗೇಟಿನ ಆಚೆ, ಮಾಲಗಾಡಿಗೆ ಚೀಲ ತುಂಬುವ ಕಡೆ ಅವನಿಗೆ ಕೆಲಸ. ಮೈ ಬಂದಿತ್ತು, ಮೀಸೆ ಬಿಟ್ಟಿದ್ದ. ರೆಪ್ಪೆಯ ಮೇಲೆ ಸಿಮೆಂಟಿನ ಹುಡಿ. ಆ ಬೂದು ಮುಖ ನೋಡಿ ಹೆಸರು ಹಿಡಿದು ಕೂಗಿದೆ.

"ಮಾಸ್ತರ್ರಿ, ಆರಾಮ್ ಇದ್ದೀರಿ?" ಎಂದು ಕೈ ಹಿಡಿದ. ಅಪ್ಪ ತೀರಿಕೊಂಡ ಸುದ್ದಿ ಹೇಳಿದ. ಹೆಂಡತಿ, ಮಗಳು, ಕೋಡ್ಲಾದಲ್ಲೇ ಮನೆ. ಎಲ್ಲ ಹೇಳಿದ, ಹಾಡಿನ ಮಾತು ಬಿಟ್ಟು. ನನಗೆ ತಡೆಯಲಾಗಲಿಲ್ಲ. "ಅವ್ವನ ಹಾಡು ಮನ್ಯಾಗಾದ್ರೂ ಹಾಡ್ತೀ ಏನೋ ಮಿಲಿಂದ?" ಎಂದು ಕೇಳಿದೆ.

ಅವನು ಬಾಯಿ ತೆರೆದ. ಅದೇ ಹೊತ್ತಿಗೆ ತುಂಬಿದ ಗಾಡಿ ನಮ್ಮ ಪಕ್ಕದಲ್ಲೇ ಚಲಿಸತೊಡಗಿತು. ಡಬ್ಬಿಗೆ ಡಬ್ಬಿ ಜಗ್ಗಿ ಕಿವಿಗಡಚಿಕ್ಕುವ ಸದ್ದು. ನಾನು ರೂಢಿಯಂತೆ ಸುಮ್ಮನೆ ನಿಂತೆ. ಅವನೂ ನಿಲ್ಲುತ್ತಾನೆಂದು ಕಾದೆ. ಅವನು ನಿಲ್ಲಲಿಲ್ಲ. ಮಾತಾಡುತ್ತಲೇ ಹೋದ. ತುಟಿ ಆಡುತ್ತಿತ್ತು, ಹುಬ್ಬು ಏರಿ ಇಳಿಯಿತು, ಒಮ್ಮೆ ನಕ್ಕ, ಒಮ್ಮೆ ಅತ್ತ ಕಡೆ ಕೈ ತೋರಿಸಿದ. ಒಂದು ಅಕ್ಷರವೂ ನನಗೆ ಕೇಳಿಸಲಿಲ್ಲ. ಕೇಳಿಸುವುದಿಲ್ಲವೆಂದು ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಗಾರ್ಡಿನ ಡಬ್ಬಿ ಬರುವುದರೊಳಗೆ ಅವನ ಮಾತು ಮುಗಿದಿತ್ತು.

ಗಾಡಿ ದಾಟಿತು. ಸದ್ದು ಅಡಗಿತು. "ಹೌದಲ್ರಿ ಮಾಸ್ತರ್ರಿ?" ಎಂದ.

"ಹೌದು" ಎಂದೆ.